ಬೀರುವಿನ ಆಚೆಯ ‘ಇಲ್ಲ’

“ನಿಂಗೂ ಮಂಗಳಕ್ಕನಿಗೂ ಜಗಳವಂತೆ!”

ಜಬೀನಾ ಬಾಗಿಲಲ್ಲೇ ನಿಂತು ಇದನ್ನು ಎಷ್ಟು ಜೋರಾಗಿ ಹೇಳಿದಳೆಂದರೆ, ಕೋಣೆಯ ನಡುವೆ ಅಡ್ಡ ನಿಂತಿದ್ದ ಕಬ್ಬಿಣದ ಬೀರು ಒಮ್ಮೆ ಝಣ್ಣೆಂದಂತಾಯಿತು. ನಾನು ಬೀರುವಿನ ಈಚೆ ಕೂತಿದ್ದೆ. ಆಚೆ ಕೂರುತ್ತಿದ್ದವರು ಮಂಗಳಕ್ಕ. ಸದ್ಯ, ಅವರ ಕುರ್ಚಿ ಆಗ ಖಾಲಿಯಿತ್ತು.

“ಯಾರೇ ಹೇಳಿದ್ದು?”

“ಕಂಪ್ಯೂಟರ್ ಹೇಳ್ತು.”

“ಏನಂತ?”

“ಇಬ್ರಿಗೂ ಮಾತುಕತೆ ಇಲ್ಲ ಅಂತ. ಹೋದ ವಾರದ ತನಕ ಅವಳಿ ಮಕ್ಕಳ ಥರ ಇದ್ರಲ್ಲೇ! ಒಬ್ರು ಹೌದು ಅಂದ್ರೆ ಇನ್ನೊಬ್ರೂ ಹೌದು. ಈ ವಾರ ನೋಡಿದ್ರೆ ಹೊಂದಾಣಿಕೆ ಪಾತಾಳಕ್ಕೆ ಹೋಗಿದೆ. ಸರ್ ನೋಡಿದವರೇ ಕನ್ನಡಕ ತೆಗೆದಿಟ್ರು.”

ನಾನು ನಗುತ್ತಿದ್ದವಳು ನಿಲ್ಲಿಸಿದೆ. ನಮ್ಮ ಗೈಡ್ ಇಂದ್ರಕುಮಾರ್ ಸರ್ ಬೈಯುವವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸುತ್ತಿತ್ತು.

ಆಗ ನಾವು ಮಾಡುತ್ತಿದ್ದ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಸುಲಭವಿರಲಿಲ್ಲ. ನನ್ನ ಅಮ್ಮ ಅಂತೂ ಆ ತೊಂದರೆಯೇ ಬೇಡವೆಂದು ‘ಮಗಳು ಹಾರ್ಟಿನ ಬಗ್ಗೆ ಓದ್ತಿದಾಳೆ’ ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದರು. ರಜಕ್ಕೆ ಮನೆಗೆ ಹೋದರೆ ಪಕ್ಕದ ಮನೆಯವರು ಬಂದು ಎದೆಯುರಿ ಹೇಳಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಒಂದು ಹೃದಯವನ್ನೂ ಮುಟ್ಟಿದವಳಲ್ಲ. ನಮ್ಮ ಪ್ರಯೋಗಾಲಯದಲ್ಲಿ ಒಂದು ಪರೀಕ್ಷಾ ನಳಿಕೆ ಕೂಡ ಇರಲಿಲ್ಲ. ಇದ್ದದ್ದು ಕಂಪ್ಯೂಟರುಗಳು, ಕುರ್ಚಿಗಳು, ಮತ್ತು ಆ ಬೀರು.

ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಳ್ಳುವ ಕಾಯಿಲೆಗೂ ನಮ್ಮ ಮೈಯ ಜೀನುಗಳಿಗೂ ಇರುವ ನಂಟಿನ ಬಗ್ಗೆ ಜಗತ್ತಿನ ವಿಜ್ಞಾನಿಗಳು ಬರೆದದ್ದಕ್ಕೆ ಲೆಕ್ಕವೇ ಇಲ್ಲ. ಒಬ್ಬ ಮನುಷ್ಯ ಜೀವಮಾನವಿಡೀ ಓದಿದರೂ ಮುಗಿಯುವಂಥದಲ್ಲ. ಅದಕ್ಕೇ ಜಬೀನಾ ಒಂದು ಪ್ರೋಗ್ರಾಂ ಬರೆದಿದ್ದಳು. ಅದು ಆ ಪ್ರಬಂಧಗಳನ್ನೆಲ್ಲ ಜಾಲಾಡಿ, ಯಾವ ವಾಕ್ಯದಲ್ಲಿ ಒಂದು ಜೀನಿನ ಹೆಸರೂ ಈ ಕಾಯಿಲೆಯ ಹೆಸರೂ ಒಟ್ಟಿಗೆ ಬರುತ್ತವೋ ಆ ವಾಕ್ಯವನ್ನು ಹೆಕ್ಕಿ ತರುತ್ತಿತ್ತು. ಆದರೆ ಪಾಪ, ಅದಕ್ಕೆ ಅಷ್ಟೇ ಗೊತ್ತು. ಬಸ್ಸಿನಲ್ಲಿ ಅಕ್ಕಪಕ್ಕ ಕೂತವರನ್ನೆಲ್ಲ ನೆಂಟರೆಂದು ತಿಳಿದು ಮಾತಾಡಿಸುವವರ ಹಾಗೆ, ‘ಈ ಜೀನಿಗೂ ಕಾಯಿಲೆಗೂ ಯಾವ ಸಂಬಂಧವೂ ಕಾಣಲಿಲ್ಲ’ ಎಂಬ ವಾಕ್ಯವನ್ನೂ ಸಂಭ್ರಮದಿಂದ ಹೊತ್ತು ತರುತ್ತಿತ್ತು. ಅದಕ್ಕೆ ಬುದ್ಧಿ ಕಲಿಸಲು ಮೊದಲು ಮನುಷ್ಯರು ಕೂತು ಕೆಲವು ಸಾವಿರ ವಾಕ್ಯಗಳನ್ನು ಓದಿ, ಒಂದೊಂದಕ್ಕೂ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕಿತ್ತು. ಆ ಮನುಷ್ಯರು ಮಂಗಳಕ್ಕ ಮತ್ತು ನಾನು.

ಒಂದೇ ವಾಕ್ಯವನ್ನು ಇಬ್ಬರೂ ಬೇರೆಬೇರೆಯಾಗಿ ಓದಬೇಕು, ಒಬ್ಬರ ಗುರುತು ಇನ್ನೊಬ್ಬರಿಗೆ ತಿಳಿಯಕೂಡದು, ವಾರದ ಕೆಲಸ ಮುಗಿಯುವ ತನಕ ವಾಕ್ಯಗಳ ಬಗ್ಗೆ ಮಾತೇ ಆಡಕೂಡದು. ಇದು ಸರ್ ಅವರ ನಿಯಮ. ಇದ್ದದ್ದು ಒಂದೇ ಕೋಣೆಯಾದ್ದರಿಂದ ಹಳೆಯ ನಿಯತಕಾಲಿಕೆ ತುಂಬಿದ್ದ ಬೀರುವನ್ನು ಎಳೆದು ನಡುವೆ ನಿಲ್ಲಿಸಿದ್ದರು. ನಾನು ವಾಚಾಳಿ. ಮೊದಲ ದಿನ ತಡೆಯಲಾರದೆ ಈಚೆಯಿಂದ “ಅಕ್ಕಾ, ಈ ವಾಕ್ಯ ನೋಡಿದ್ರಾ, ಎಷ್ಟು ಉದ್ದ!” ಅಂದದ್ದಕ್ಕೆ ಆಚೆಯಿಂದ ಒಂದು ರಬ್ಬರು ಹಾರಿಬಂದು ತಲೆಗೆ ಬಿದ್ದಿತ್ತು.

ಸರ್ವಮಂಗಳಾ ಎಂದು ಅವರ ಪೂರ್ತಿ ಹೆಸರು. ಪಿಎಚ್.ಡಿ.ಯ ಕೊನೆಯ ಹಂತದಲ್ಲಿದ್ದರು. ನಾವು ಗುರುತು ಹಾಕುತ್ತಿದ್ದ ಆ ವಾಕ್ಯಗಳ ಮೇಲೆಯೇ ಅವರ ಪ್ರಬಂಧ ನಿಂತಿತ್ತು. ಎಂ.ಎಸ್ಸಿ.ಯ ನನಗೆ ವಾಕ್ಯ ಓದುವುದನ್ನು ಕಲಿಸಿದವರೂ ಅವರೇ. “ಬೇಕಾದ್ದು ಓದೋದಲ್ಲ, ಬರೆದಿದ್ದು ಓದೋದು. ಒಂದು ಪದಾನೂ ಬಿಡಬಾರ್ದು, ಗೂಬೆ,” ಎನ್ನುತ್ತಿದ್ದರು. ಮಧ್ಯಾಹ್ನ ಬೀರುವಿನ ಎರಡೂ ಕಡೆಯವರು ಕಾರಿಡಾರಿಗೆ ಬಂದು ಡಬ್ಬಿ ತೆರೆದಾಗ ಮಾತ್ರ ಆ ಗಾಂಭೀರ್ಯ ಕಳಚುತ್ತಿತ್ತು. ಅವರ ಹುಚ್ಚೆಳ್ಳು ಚಟ್ನಿಗಾಗಿ ನಾನೂ ಜಬೀನಾಳೂ ಕಿತ್ತಾಡುತ್ತಿದ್ದೆವು.

ದಿನವೂ ಕೇಳಿಕೇಳಿ ಆಚೆಯ ಕೀಲಿಮಣೆಯ ಸದ್ದು ನನಗೆ ಗಡಿಯಾರದಂತೆ ಒಗ್ಗಿಹೋಗಿತ್ತು. ಈಚೆಗೆ ಆ ಸದ್ದು ಆಗಾಗ ನಿಂತುಬಿಡುತ್ತಿತ್ತು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಗಟ್ಟಿಯಾಗಿ ಒಂದೇ ಒಂದು ಟಪ್. ಅಕ್ಕ ತೂಕಡಿಸುತ್ತಿರಬೇಕು ಎಂದುಕೊಂಡು ನಾನು ನನ್ನಷ್ಟಕ್ಕೇ ನಗುತ್ತಿದ್ದೆ.

ಶನಿವಾರ ನಮ್ಮಲ್ಲಿ ಪಂಚಾಯಿತಿ. ಹೆಸರಿಟ್ಟವಳು ಜಬೀನಾ. ವಾರದಲ್ಲಿ ನಮ್ಮಿಬ್ಬರ ಗುರುತು ಎಲ್ಲೆಲ್ಲಿ ತಾಳೆಯಾಗಿಲ್ಲವೋ ಆ ವಾಕ್ಯಗಳನ್ನು ಸರ್ ಗಟ್ಟಿಯಾಗಿ ಓದುತ್ತಿದ್ದರು. ನಾವಿಬ್ಬರೂ ನಮ್ಮ ನಮ್ಮ ಪರ ವಾದಿಸಬೇಕು. ಉಳಿದವರು ಮಂಡಕ್ಕಿ ತಿನ್ನುತ್ತ ಕೇಳಬೇಕು. ಸಾಮಾನ್ಯವಾಗಿ ಮಂಡಕ್ಕಿ ಮುಗಿಯುವ ಮೊದಲೇ ವ್ಯಾಜ್ಯ ಮುಗಿಯುತ್ತಿತ್ತು.

ಆ ಶನಿವಾರ ಹಾಗಾಗಲಿಲ್ಲ.

ಜೀನುಗಳ ಹೆಸರೆಲ್ಲ ಬರಿಯ ಅಕ್ಷರ, ಅಂಕಿ. ನಾಲಿಗೆಗೆ ಒಗ್ಗದ ಆ ಹೆಸರುಗಳ ಬದಲು ನಾವು ನಮ್ಮದೇ ಅಡ್ಡಹೆಸರು ಇಟ್ಟುಕೊಂಡಿದ್ದೆವು. ಅದರಲ್ಲೊಂದು ‘ಮೂಲೆಮನೆ’. ಜೀನುಗಳು ಸಾಲುಮನೆಗಳ ಹಾಗೆ ಕೂತಿರುತ್ತವೆ ಎಂದುಕೊಂಡರೆ ಅದು ತನ್ನ ಬೀದಿಯ ಕಟ್ಟಕಡೆಯ ಮನೆ, ಅದಕ್ಕೇ ಆ ಹೆಸರು. ಸರ್ ಕೂಡ ಹಾಗೇ ಕರೆಯುತ್ತಿದ್ದರು. ಆ ವಾರ ನಮ್ಮ ಪಾಲಿಗೆ ಬಂದ ವಾಕ್ಯಗಳಲ್ಲಿ ಅದರವೇ ಹೆಚ್ಚು.

“‘ಮೂಲೆಮನೆಯ ಈ ರೂಪವನ್ನು ಹೊತ್ತವರಲ್ಲಿ ಹೃದಯದ ನಾಳಗಳು ಎಳೆಯ ವಯಸ್ಸಿನಲ್ಲೇ ಕಟ್ಟಿಕೊಳ್ಳುವುದು ಹೆಚ್ಚೆಂದು ತೋರುತ್ತದೆ,’” ಸರ್ ಓದಿ ತಲೆಯೆತ್ತಿದರು. “ಒಬ್ರು ಹೌದು ಅಂದಿದೀರಿ. ಒಬ್ರು ಇಲ್ಲ.”

“ಹೌದು ನಂದು ಸರ್,” ಅಂದೆ.

“ಇಲ್ಲ ನಂದು,” ಎಂದರು ಮಂಗಳಕ್ಕ. “ತೋರುತ್ತದೆ ಅಂತ ಬರೆದಿದಾರೆ ಸರ್. ಸಾಬೀತಾಗಿದೆ ಅಂತ ಎಲ್ಲಿದೆ?”

ಮಾತು ಸರಿಯಾಗಿಯೇ ಇತ್ತು. ಸರ್ ತಲೆದೂಗಿ ಮುಂದಿನದಕ್ಕೆ ಹೋದರು. ಅದೂ ಮೂಲೆಮನೆ. ಅಲ್ಲಿ ಪರೀಕ್ಷೆಗೆ ಒಳಗಾದವರು ತೀರ ಕಡಿಮೆ ಜನ ಎಂದರು ಮಂಗಳಕ್ಕ. ಮೂರನೆಯದೂ ಮೂಲೆಮನೆ. ಅದು ಬೇರೆ ದೇಶದವರ ಮಾತು, ನಮ್ಮವರಿಗೆ ಹೇಗೆ ಹೊಂದೀತು ಎಂದರು. ಅವರ ದನಿ ಏರುತ್ತಿತ್ತು. ನನಗೋ ಗೆಲ್ಲುತ್ತಿರುವ ಹುರುಪು.

“ಅಕ್ಕಾ, ಈ ಮೂಲೆಮನೆಯವನು ನಿಮಗೇನು ಸೋದರಮಾವನಾ? ಇಷ್ಟು ವಹಿಸ್ಕೊಂಡು ಬರ್ತೀರಲ್ಲ!”

ಎಲ್ಲರೂ ನಕ್ಕರು. ಜಬೀನಾಳಿಗೆ ಮಂಡಕ್ಕಿ ನೆತ್ತಿಗೇರಿತು. ಮಂಗಳಕ್ಕ ಮಾತ್ರ ನನ್ನನ್ನೇ ನೋಡಿದರು. ಸಿಟ್ಟಿನ ನೋಟವಲ್ಲ ಅದು. ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದಾಗ ತಿರುಗುತ್ತೇವಲ್ಲ, ಹಾಗೆ.

ಸರ್ ನಗಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಇನ್ನೊಂದು ವಾಕ್ಯವನ್ನು ಮೆಲ್ಲಗೆ ಓದಿದರು. ಜೀನು ಬೇರೆ, ಮಿಕ್ಕ ಮಾತೆಲ್ಲ ಅದೇ.

“ಇಲ್ಲೂ ತೋರುತ್ತದೆ ಅಂತಲೇ ಇದೆ, ಸರ್ವಮಂಗಳಾ. ಇದಕ್ಕೆ ನೀವು ಹೌದು ಅಂದಿದೀರಿ. ಇಂಥವು ಇನ್ನೂ ಬಹಳ ಇವೆ.”

“ಹಾಗಾದ್ರೆ… ತಪ್ಪಾಗಿರ್ಬೇಕು ಸರ್.”

“ತಪ್ಪು ಎಲ್ಲಾ ಕಡೆ ಚೆಲ್ಲಾಪಿಲ್ಲಿ ಬಿದ್ದಿದ್ರೆ ನಾನು ಕೇಳ್ತಿರ್ಲಿಲ್ಲ. ಒಂದೇ ಜೀನಿನ ಹತ್ರ ಬೀಳ್ತಿದೆ.” ಅವರು ಕನ್ನಡಕ ತೆಗೆದಿಟ್ಟರು. “ಸೋಮವಾರ ಈ ವಾಕ್ಯಗಳನ್ನ ಇಬ್ರೂ ಮತ್ತೆ ನೋಡಿ. ಆಗ್ಲೂ ಹೀಗೇ ಬಂದ್ರೆ, ಇಷ್ಟು ದಿನ ಹಾಕಿದ ಗುರುತೆಲ್ಲ ಬಿಟ್ಟು ಹೊಸಬರ ಹತ್ರ ಮೊದಲಿಂದ ಮಾಡಿಸ್ಬೇಕಾಗತ್ತೆ. ಬೇರೆ ದಾರಿ ಇಲ್ಲ.”

ಯಾರೂ ಮಂಡಕ್ಕಿಗೆ ಕೈ ಹಾಕಲಿಲ್ಲ. ಮೊದಲಿಂದ ಎಂದರೆ ಮಂಗಳಕ್ಕನ ಅಷ್ಟು ವರ್ಷದ ದುಡಿಮೆ ನೀರಿಗೆ ಬಿದ್ದಂತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಪಂಚಾಯಿತಿ ಮುಗಿಸಿ ಹೊರಗೆ ಬಂದರೆ, ಮಂಗಳಕ್ಕ ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿದ್ದರು. ತೊಳೆದು ಮುಗಿದಿತ್ತು, ಆದರೂ ತೊಳೆಯುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಅಕ್ಕಾ, ತಮಾಷೆಗೆ ಅಂದಿದ್ದು. ಬೇಜಾರಾಯ್ತಾ?”

“ಸೋದರಮಾವ ಅಲ್ಲ ಕಣೆ,” ಎಂದರು ನಲ್ಲಿ ನಿಲ್ಲಿಸದೆ. “ಅಣ್ಣ. ಸ್ವಂತ ಅಣ್ಣ. ನಮ್ಮಪ್ಪನೂ ಮೂಲೆಮನೆಯವನೇ ಇರ್ಬೇಕು, ಆದ್ರೆ ಅಪ್ಪನ ಕಾಲಕ್ಕೆ ಯಾರು ಪರೀಕ್ಷೆ ಮಾಡಿದಾರೆ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅವರ ಅಣ್ಣ ಗಂಗಾಧರಪ್ಪ ಹೊಲಿಗೆ ಅಂಗಡಿ ಇಟ್ಟಿದ್ದರಂತೆ. ಒಮ್ಮೆ ಎದೆನೋವು ಬಂದು ಆಸ್ಪತ್ರೆಯಲ್ಲಿದ್ದಾಗ, ಈ ವಯಸ್ಸಿಗೆ ಯಾಕೆ ಬಂತೆಂದು ನೋಡಲು ಡಾಕ್ಟರು ರಕ್ತ ತೆಗೆದುಕೊಂಡಿದ್ದರು. ಅಣ್ಣ ಚೇತರಿಸಿಕೊಂಡು ಮನೆಗೆ ಬಂದರು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಮುಂದೆ ನೀರು ಹಾಕಿ, ಹೊಲಿಗೆ ಯಂತ್ರದ ಮುಂದೆ ಕೂತವರು ಹಾಗೇ ಒರಗಿಬಿಟ್ಟರು. ರಕ್ತದ ಫಲಿತಾಂಶ ಬಂದದ್ದು ತಿಥಿ ಮುಗಿದ ಮೇಲೆ. ಮೂಲೆಮನೆಯ ಅದೇ ರೂಪ. ಒಡಹುಟ್ಟಿದವರು ತಪ್ಪದೆ ಬಂದು ತೋರಿಸಿಕೊಳ್ಳಬೇಕೆಂದು ಡಾಕ್ಟರು ಅತ್ತಿಗೆಗೆ ಫೋನ್ ಮಾಡಿ ಹೇಳಿದ್ದರು.

“ಅತ್ತಿಗೆ ಪ್ರತಿ ವಾರ ಕೇಳ್ತಾರೆ. ಹೋಗ್ತೀನಿ, ಹೋಗ್ತೀನಿ ಅಂತ ಒಂದು ವರ್ಷ ತಳ್ಳಿದೀನಿ.”

“ಯಾಕಕ್ಕಾ?”

“ಅಮ್ಮ ಈಗ್ಲೇ ನಾನು ಮೆಟ್ಟಿಲು ಹತ್ತಿದ್ರೆ ಕೆಳಗೆ ನಿಂತು ನೋಡ್ತಾಳೆ, ಏದುಸಿರು ಬರತ್ತಾ ಅಂತ. ಗಂಡ ಹೋದ, ಮಗ ಹೋದ. ಇನ್ನು ನಿನ್ನ ಮಗಳಿಗೂ ಇದೆಯಂತೆ ಅಂತ ನಾನು ಹೋಗಿ ಹೇಳ್ಲಾ?” ನಲ್ಲಿ ನಿಲ್ಲಿಸಿದರು. “ಬೇಕು ಅಂತ ಮಾಡಿದ್ದಲ್ಲ ಕಣೆ. ಆ ಹೆಸರು ಬಂದ ತಕ್ಷಣ ಇಲ್ಲ ಅನ್ನೋಕೆ ಒಂದು ಕಾರಣ ಸಿಕ್ಕಿಬಿಡೋದು. ಕಾರಣ ಸರಿಯಾಗೇ ಕಾಣೋದು. ಇವತ್ತು ಸರ್ ಎರಡನ್ನೂ ಒಟ್ಟಿಗೆ ಓದಿದಾಗ್ಲೇ ನಂಗೂ ಗೊತ್ತಾಗಿದ್ದು.”

“ಏದುಸಿರು ಬರತ್ತಾ ಅಕ್ಕಾ?”

ಅವರು ಡಬ್ಬಿಯ ಮುಚ್ಚಳ ಹಾಕಿದರು. “ಒಂದೊಂದ್ಸಲ,” ಎಂದು ಹೇಳಿ ಬೇಗ ಬೇಗ ಒಳಗೆ ಹೋದರು.

ಭಾನುವಾರವೆಲ್ಲ ನಾನು ಬಟ್ಟೆ ಒಗೆಯುತ್ತ, ಒಣಹಾಕುತ್ತ ಅದನ್ನೇ ಯೋಚಿಸಿದೆ. ಆಸ್ಪತ್ರೆಗೆ ಹೋಗಿ ಎಂದು ಹೇಳುವುದು ಸುಲಭ, ಅದನ್ನು ವರ್ಷವಿಡೀ ಅವರ ಅತ್ತಿಗೆಯೇ ಹೇಳಿದ್ದರು. ಸರ್‌ಗೆ ತಿಳಿಸೋಣವೆಂದರೆ ಅದು ನನ್ನ ಗುಟ್ಟಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ನಮ್ಮ ಬುಟ್ಟಿಯ ನೆನಪಾಯಿತು.

ಪ್ರೋಗ್ರಾಂ ಹೆಕ್ಕುತ್ತಿದ್ದದ್ದು ಜೀನೂ ಕಾಯಿಲೆಯೂ ಒಟ್ಟಿಗಿರುವ ವಾಕ್ಯಗಳನ್ನು ಮಾತ್ರ. ಜೀನಿನ ಹೆಸರಿದ್ದೂ ಬೇರೇನನ್ನೋ ಹೇಳುವ ವಾಕ್ಯಗಳನ್ನು ಅದು ಒಂದು ಕಡೆ ಸುರಿಯುತ್ತಿತ್ತು. ಅದನ್ನು ನಾವು ಕಸದ ಬುಟ್ಟಿ ಎನ್ನುತ್ತಿದ್ದೆವು. ಅದನ್ನು ಯಾರೂ ತೆರೆದು ಓದಿರಲಿಲ್ಲ. ನಮಗೆ ಬೇಕಿದ್ದದ್ದು ಯಾವ ಜೀನು ಕೆಡುಕು ಮಾಡುತ್ತದೆ ಎಂಬುದಷ್ಟೇ. ಕೆಡುಕು ಇದ್ದವರಿಗೆ ಆಮೇಲೆ ಏನಾಯಿತು ಎಂಬುದಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಜಬೀನಾಳನ್ನು ಹಿಡಿದೆ.

“ಬುಟ್ಟೀಲಿ ಮೂಲೆಮನೆ ಇರೋ ವಾಕ್ಯ ಎಲ್ಲಾ ತೆಗೆದುಕೊಡ್ತೀಯಾ?”

“ಕಸ ಯಾಕೆ ಕೆದಕ್ತೀಯೆ? ಕೋಳಿನಾ ನೀನು?”

“ಕೇಳಬೇಡ.”

“ಕೇಳಿದ್ರೆ ಹೇಳ್ತೀಯಾ?”

“ಇಲ್ಲ.”

ಜಬೀನಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನಾನು ಏನನ್ನಾದರೂ ಹೇಳದೆ ಉಳಿಸಿಕೊಂಡದ್ದನ್ನು ಅವಳು ಅದೇ ಮೊದಲು ಕಂಡಿರಬೇಕು. ಮತ್ತೆ ಮಾತಿಲ್ಲದೆ ಹುಡುಕಿ, ಸಿಕ್ಕಿದ್ದನ್ನು ನನ್ನ ಪರದೆಗೆ ಕಳಿಸಿ, “ಚಾ ಕುಡಿದು ಬರ್ತೀನಿ, ನಿಧಾನಕ್ಕೆ,” ಎಂದು ಬಾಗಿಲು ಎಳೆದುಕೊಂಡು ಹೋದಳು.

ಅಷ್ಟರಲ್ಲಿ ಮಂಗಳಕ್ಕ ಬಂದು ಬೀರುವಿನ ಆಚೆ ಕೂತಿದ್ದರು. ಕುರ್ಚಿ ಎಳೆದ ಸದ್ದಾಯಿತು. ಕೀಲಿಯ ಸದ್ದಿಲ್ಲ.

“ಅಕ್ಕಾ, ಒಂದು ವಾಕ್ಯ ಓದ್ತೀನಿ. ಗುರುತು ಹೇಳಿ.”

“ನಿಯಮ ಮುರೀತಿದೀಯ.”

“ಇದು ನಮ್ಮ ವಾಕ್ಯ ಅಲ್ಲ, ಕಸದ ಬುಟ್ಟೀದು. ಬುಟ್ಟಿಗೆ ನಿಯಮ ಇಲ್ಲ.”

ಆಚೆಯಿಂದ ರಬ್ಬರು ಬರಲಿಲ್ಲ. ನಾನು ಓದಿದೆ.

“‘ಮೂಲೆಮನೆಯ ಈ ರೂಪವನ್ನು ಹೊತ್ತವರಲ್ಲಿ, ಮೊದಲೇ ಪತ್ತೆಯಾಗಿ ಚಿಕಿತ್ಸೆ ಆರಂಭಿಸಿದವರು ಇತರರಷ್ಟೇ ಕಾಲ ಆರೋಗ್ಯವಾಗಿ ಬಾಳುವರೆಂದು ತೋರುತ್ತದೆ.’ ಚಿಕಿತ್ಸೆಯಿಂದ ಉಪಯೋಗ ಇದೆ ಅಂತ ಹೇಳ್ತಿದೆಯಾ ಈ ವಾಕ್ಯ? ಹೌದಾ, ಇಲ್ವಾ?”

ಬೀರು ಸುಮ್ಮನೆ ನಿಂತಿತ್ತು. ಅದರ ತುಕ್ಕು ಹಿಡಿದ ಬೆನ್ನನ್ನು ನಾನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಅದೇ ಮೊದಲು.

“ಹೌದು,” ಎಂದಿತು ಆಚೆಯ ದನಿ, ತೀರ ಸಣ್ಣಗೆ.

ನನಗೆ ಅಲ್ಲಿಗೇ ಬಿಡುವ ಮನಸ್ಸಾಯಿತು. ಆದರೆ ಬಿಟ್ಟರೆ ಓದಿದ್ದು ದಂಡ.

“ತೋರುತ್ತದೆ ಅಂತ ಇದೆ ಅಕ್ಕಾ. ಸಾಬೀತಾಗಿದೆ ಅಂತ ಇಲ್ಲ.”

ಆಚೆ ಕುರ್ಚಿ ಕಿರುಗುಟ್ಟಿತು.

“ಶನಿವಾರ ನೀವು ಹೇಳಿದ ಲೆಕ್ಕದಲ್ಲಿ ಇದಕ್ಕೂ ಇಲ್ಲ ಅನ್ಬೇಕು. ಇದಕ್ಕೆ ಹೌದು ಅಂದ್ರೆ ಅದಕ್ಕೂ ಹೌದು ಅನ್ಬೇಕು. ನಂಗೆ ಯಾವುದಾದ್ರೂ ಸರಿ. ನೀವೇ ಹೇಳಿ.”

ಹೊರಗೆ ಯಾರೋ ಗಾಡಿ ನಿಲ್ಲಿಸಿದರು. ಕಾರಿಡಾರಿನಲ್ಲಿ ಕಸ ಗುಡಿಸುವ ಸದ್ದು ಬಾಗಿಲ ತನಕ ಬಂದು ಹಿಂದಕ್ಕೆ ಹೋಯಿತು. ಬೀರುವಿನ ಆಚೆ ಮಂಗಳಕ್ಕ ಮೂಗು ಏರಿಸಿಕೊಂಡದ್ದು ಕೇಳಿಸಿತು.

“ಗೂಬೆ,” ಎಂದರು ಕೊನೆಗೆ. “ಇನ್ನೊಂದು ಓದು.”

ನಾನು ಓದಿದೆ. ಒಂದು ಊಟದ ಪಥ್ಯದ ಬಗ್ಗೆ, ಒಂದು ನಡಿಗೆಯ ಬಗ್ಗೆ, ಒಂದು ಯಾವುದೋ ಮಾತ್ರೆಯ ಬಗ್ಗೆ. ಅವರು ಆಚೆಯಿಂದ ಹೌದು, ಹೌದು, ಈ ವಾಕ್ಯ ಅರ್ಧಂಬರ್ಧ, ಎಂದು ಹೇಳುತ್ತ ಹೋದರು. ದನಿ ನಿಧಾನವಾಗಿ ಹಳೆಯ ಮಂಗಳಕ್ಕನದಾಗುತ್ತಿತ್ತು. ಆಮೇಲೆ ಬಂದ ವಾಕ್ಯ ಕಂಡು ನಾನು ತಡವರಿಸಿದೆ. ಕಣ್ಣು ಅದನ್ನು ದಾಟಿ ಮುಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

“‘ಮೂಲೆಮನೆಯ ಈ ರೂಪವಿದ್ದೂ ತಡವಾಗಿ ಆರಂಭಿಸಿದವರಲ್ಲಿ ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.’”

“ಇದಕ್ಕೆ ಇಲ್ಲ,” ಎಂದರು. ಸ್ವಲ್ಪ ತಡೆದು, “ಬಿಟ್ಟು ಓದ್ಬಹುದಿತ್ತಲ್ಲ ನೀನು,” ಎಂದರು.

“ಬಿಡಬಾರ್ದು ಅಂತ ನೀವೇ ಕಲಿಸಿದ್ದು.”

ಆಚೆ ಒಂದು ನಗು ಹುಟ್ಟಿ ಅರ್ಧಕ್ಕೇ ಅಳುವಾಯಿತು, ಮತ್ತೆ ನಗುವಾಯಿತು. ನಾನು ಎದ್ದು ಹೋಗಲಿಲ್ಲ. ಹೋಗಿದ್ದರೆ ಅವರು ತಕ್ಷಣ ಕಣ್ಣೊರೆಸಿಕೊಂಡು ಅಕ್ಕನಾಗಿಬಿಡುತ್ತಿದ್ದರು. ಬೀರು ಅಲ್ಲಿದ್ದದ್ದೇ ಆ ಹೊತ್ತಿಗೆ ಒಳ್ಳೆಯದಾಯಿತು.

ಆಮೇಲೆ ಕೀಲಿಮಣೆಯ ಸದ್ದು ಶುರುವಾಯಿತು. ಮೊದಲಿನ ಹಾಗೆ ಸಲೀಸಲ್ಲ. ಮೂಲೆಮನೆ ಬಂದಾಗಲೆಲ್ಲ ನಿಲ್ಲುತ್ತಿತ್ತೆಂದು ನನಗೆ ಈಗ ತಿಳಿಯುತ್ತಿತ್ತು. ನಿಂತು, ಮತ್ತೆ ಒಂದು ಟಪ್. ಗಟ್ಟಿಯಾಗಿ ಒತ್ತಿದ್ದಲ್ಲ. ನಾನೂ ನನ್ನ ವಾಕ್ಯಗಳನ್ನು ಮತ್ತೆ ಮೊದಲಿಂದ ನೋಡಿದೆ. ಎರಡು ಕಡೆ, ಅಕ್ಕ ಶನಿವಾರ ಹೇಳಿದ್ದೇ ಸರಿ, ‘ಹೌದು’ ಎನ್ನುವಷ್ಟು ಆ ವಾಕ್ಯಗಳಲ್ಲಿ ಏನೂ ಇಲ್ಲ ಎಂದು ಕಂಡಿತು. ಬದಲಾಯಿಸಿದೆ.

ಮಧ್ಯಾಹ್ನ ಮಂಗಳಕ್ಕ ತಾವಾಗಿಯೇ ಸರ್ ಕೋಣೆಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ನಾನೂ ಜಬೀನಾಳೂ ಕಾರಿಡಾರಿನಲ್ಲಿ ಡಬ್ಬಿ ತೆರೆಯದೆ ಕೂತೆವು. ಜಬೀನಾ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡಳು.

“ಹೇಳ್ಬಿಡೆ, ಹೊಟ್ಟೆ ಉಬ್ಬರಿಸ್ಕೊಂಡಿದೆ,” ಅಂದಳು ಮೂರನೆಯ ಸಲ.

“ಅಕ್ಕನೇ ಹೇಳ್ತಾರೆ.”

ಹೇಳಿದರು. ಹೊರಗೆ ಬಂದು ನಮ್ಮ ನಡುವೆ ಕೂತು, ಅಣ್ಣನಿಂದ ಹಿಡಿದು ಎಲ್ಲವನ್ನೂ ಜಬೀನಾಳಿಗೂ ಹೇಳಿದರು. ಸರ್‌ಗೂ ಹಾಗೇ ಹೇಳಿದ್ದರಂತೆ. ಮೂಲೆಮನೆಯ ವಿಷಯದಲ್ಲಿ ತಮ್ಮ ಗುರುತನ್ನು, ಹಳೆಯದಾಗಲಿ ಇವತ್ತಿನದಾಗಲಿ, ಲೆಕ್ಕಕ್ಕೆ ಹಿಡಿಯಬೇಡಿ ಎಂದಿದ್ದರಂತೆ.

“ಸರ್ ಏನಂದ್ರು?”

“ಕನ್ನಡಕ ತೆಗೆದಿಟ್ರು,” ಎಂದರು ಮಂಗಳಕ್ಕ. ನಾವಿಬ್ಬರೂ ಉಸಿರು ಬಿಗಿಹಿಡಿದೆವು. “ಒರೆಸ್ಕೊಂಡು ಮತ್ತೆ ಹಾಕ್ಕೊಂಡ್ರು. ಮಿಕ್ಕ ಜೀನುಗಳಲ್ಲಿ ನಿಮ್ಮ ಗುರುತಿಗೆ ಯಾರೂ ಬೆರಳು ತೋರ್ಸೋ ಹಾಗಿಲ್ಲ, ಅದು ಹಾಗೇ ಇರ್ಲಿ ಅಂದ್ರು. ಮೂಲೆಮನೆ ಒಂದನ್ನ ಜಬೀನಾ ಹೊಸದಾಗಿ ನೋಡ್ಬೇಕಂತೆ.”

“ನಾನಾ? ಆ ರಾಶಿನಾ?” ಎಂದಳು ಜಬೀನಾ. ಮರುಕ್ಷಣವೇ, “ನೋಡ್ತೀನಿ ಬಿಡಿ ಅಕ್ಕಾ, ಅದಕ್ಕೇನಂತೆ. ಚಟ್ನಿ ಮಾತ್ರ ಪೂರ್ತಿ ನಂಗೆ,” ಎಂದು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮಂಗಳಕ್ಕ ಫೋನ್ ಹಿಡಿದು ಕಿಟಕಿಯ ಹತ್ತಿರ ಹೋದರು. ಮೊದಲು ಅತ್ತಿಗೆಗೆ ಮಾಡಿದರು. ಆ ಕಡೆಯಿಂದ ಅತ್ತಿಗೆ ಏನೋ ಒಂದೇ ಸಮನೆ ಹೇಳುತ್ತಿದ್ದದ್ದು ನಮಗೂ ಸಣ್ಣಗೆ ಕೇಳಿಸುತ್ತಿತ್ತು. ಇವರು “ಹೂಂ ಅತ್ತಿಗೆ, ಹೂಂ, ಅಮ್ಮನಿಗೆ ನಾನೇ ಹೇಳ್ತೀನಿ,” ಎನ್ನುತ್ತಿದ್ದರು. ಆಮೇಲೆ ಆಸ್ಪತ್ರೆಗೆ ಮಾಡಿದರು. ಹೆಸರು ಹೇಳಿದರು, ವಯಸ್ಸು ಹೇಳಿದರು. ಏನು ತೊಂದರೆ ಎಂದು ಕೇಳಿರಬೇಕು. “ಮೆಟ್ಟಿಲು ಹತ್ತುವಾಗ ಏದುಸಿರು ಬರತ್ತೆ. ಅಣ್ಣನಿಗೆ ಹೃದಯದ ಕಾಯಿಲೆ ಇತ್ತು, ಅಪ್ಪನಿಗೂ ಇದ್ದಿರ್ಬೇಕು,” ಎಂದರು. ಪಾಠ ಒಪ್ಪಿಸುವವರ ಹಾಗೆ, ಒಂದು ಪದವನ್ನೂ ಬಿಡದೆ.

“ಏನಂತೆ?” ಅಂದೆ, ಅವರು ಫೋನ್ ಇಟ್ಟ ಮೇಲೆ.

“ನಾಳೆ ಬೆಳಿಗ್ಗೆ ಎಂಟು ಗಂಟೆಗೆ. ಖಾಲಿ ಹೊಟ್ಟೇಲಿ ಬರ್ಬೇಕಂತೆ.”

“ನಾನೂ ಬರ್ತೀನಿ. ಖಾಲಿ ಹೊಟ್ಟೇಲೇ.”

“ನಿಂಗ್ಯಾಕೆ ಉಪವಾಸ?”

“ನೀವು ತಿನ್ನದೆ ಇರುವಾಗ ನಾನು ಹೆಂಗೆ ತಿನ್ಲಿ ಅಕ್ಕಾ?”

ಕಿಟಕಿಯಾಚೆ ಅಂಗಳದಲ್ಲಿ ಒಬ್ಬ ಹೆಂಗಸು ಹಗ್ಗದ ಮೇಲೆ ಒದ್ದೆ ಸೀರೆಯೊಂದನ್ನು ಹರಡುತ್ತಿದ್ದಳು. ಗಾಳಿಗೆ ಅದು ಹೊಟ್ಟೆ ತುಂಬ ಉಬ್ಬಿ, ಮೆಲ್ಲಗೆ ಇಳಿದು, ಮತ್ತೆ ಉಬ್ಬಿತು. ಮಂಗಳಕ್ಕ ಅದನ್ನೇ ನೋಡುತ್ತ ನಿಂತರು.

“ಆಸ್ಪತ್ರೆ ಗೇಟಿನ ಎದುರಿಗೆ ಒಬ್ರು ಇಡ್ಲಿ ಮಾರ್ತಾರೆ,” ಎಂದರು. “ರಕ್ತ ಕೊಟ್ಟು ಬಂದು ಅಲ್ಲೇ ತಿನ್ನೋಣ. ಎಂಟಕ್ಕೆ ಅಂದ್ರೆ ಎಂಟಕ್ಕೆ ಬಾ. ಗೇಟಲ್ಲಿ ನಿಂತಿರ್ತೀನಿ.”